ಪಕ್ಷದಿಂದ ಚುನಾವಣೆಗೆ ನಿಂತ ವಕೀಲ ಮುಂದೆ ಜಡ್ಜ್ ಆಗಬಹುದಾ? ಕೃಷ್ಣ ಅಯ್ಯರ್ ಕಥೆ ಕೇಳಿ ತಲೆ ಕೆಟ್ಟಿದೆ

ಬೇಲೂರು ಜೂನಿಯರ್
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ವಕೀಲಿಕೆ ಶುರು ಮಾಡಿ ನಾಲ್ಕು ವರ್ಷ ಆಯಿತು. ವಕೀಲಿಕೆ ಅಂದರೆ ದೊಡ್ಡದೇನಲ್ಲ. ಸೀನಿಯರ್ ಫೈಲ್ ಹೊತ್ತು ಓಡಾಡುವುದು, ವಾಯಿದೆ ಕೇಳುವುದು, ನಕಲಿಗೆ ಅರ್ಜಿ ಹಾಕುವುದು, ಮಧ್ಯೆ ಒಂದೆರಡು ಸ್ವಂತ ಜಾಮೀನು ಕೇಸು. ರಾತ್ರಿ ಸಿವಿಲ್ ಜಡ್ಜ್ ಪರೀಕ್ಷೆಗೆ ಓದುತ್ತೇನೆ.

ಈಗ ಊರಿನಲ್ಲಿ ಒಂದು ಪಕ್ಷದವರು ತಾಲ್ಲೂಕು ಪಂಚಾಯಿತಿಗೆ ನಿಲ್ಲು ಅಂತ ಹಿಂದೆ ಬಿದ್ದಿದ್ದಾರೆ. ಅಮ್ಮ ಕೇಳಿದ ತಕ್ಷಣ ಬೇಡ ಅಂದರು. ಸೀನಿಯರ್ ಮಾತ್ರ ನಿಲ್ಲು ಅನ್ನುತ್ತಾರೆ. ಅವರ ಆಫೀಸಿನಲ್ಲಿ ವಿ.ಆರ್. ಕೃಷ್ಣ ಅಯ್ಯರ್ ಫೋಟೊ ಇದೆ. ಅದನ್ನು ತೋರಿಸಿ, "ಇವರು ತಲಶ್ಶೇರಿಯಂಥ ಸಣ್ಣ ಊರಿನ ವಕೀಲ. 1952ರಲ್ಲಿ ಮದ್ರಾಸ್ ವಿಧಾನಸಭೆಗೆ ಗೆದ್ದರು, 1957ರಲ್ಲಿ ಕೇರಳದ ಮಂತ್ರಿ, 1968ರಲ್ಲಿ ಹೈಕೋರ್ಟ್ ಜಡ್ಜ್, 1973ರಲ್ಲಿ ಸುಪ್ರೀಂ ಕೋರ್ಟ್. ನೀನು ತಾಲ್ಲೂಕು ಪಂಚಾಯಿತಿಗೆ ಹೆದರುತ್ತೀಯಲ್ಲೋ" ಅಂದರು.

ಎರಡು ಪ್ರಶ್ನೆ. ಒಂದು ಸಲ ಪಕ್ಷದ ಚಿಹ್ನೆ ಹಿಡಿದರೆ ಜಡ್ಜ್ ಆಗುವ ದಾರಿ ಮುಚ್ಚಿಹೋಗುತ್ತದಾ? ಇನ್ನೊಂದು, ರಾಜಕೀಯ ಮಾಡಿ ಬಂದವರು ನಿಜಕ್ಕೂ ಒಳ್ಳೆ ಜಡ್ಜ್ ಆಗುತ್ತಾರಾ?

ಅರಸೀಕೆರೆ ಜಂಕ್ಷನ್
ತಾಲ್ಲೂಕು ಪಂಚಾಯಿತಿ ಅವಧಿ ಮುಗಿದದ್ದು 2021ರಲ್ಲಿ. ಚುನಾವಣೆ ನಡೆಯುವಷ್ಟರಲ್ಲಿ ನೀವು ಜಡ್ಜ್ ಆಗಿ ರಿಟೈರ್ ಆಗಿ ಪೆನ್ಷನ್ ತಗೊಳ್ಳುತ್ತಿರುತ್ತೀರಿ. ಚಿಂತೆ ಬಿಡಿ 😄

ಕರಿಕೋಟು
ತಮಾಷೆ ಆಮೇಲೆ. ತಮ್ಮಾ, ನೀನು ಎರಡು ಬೇರೆ ದಾರಿಗಳನ್ನು ಒಂದಕ್ಕೊಂದು ಗಂಟು ಹಾಕಿದ್ದೀಯ.

ಪರೀಕ್ಷೆ ಬರೆದು ಕೆಳಗಿನಿಂದ ಹೋಗುವುದು ಒಂದು ದಾರಿ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಿವಿಲ್ ಜಡ್ಜ್ ಪರೀಕ್ಷೆಗೆ ಕನಿಷ್ಠ 3 ವರ್ಷ ವಕೀಲಿಕೆ ಆಗಿರಬೇಕು. ನಿನಗೆ ಆಗಿದೆ. ಹಿಂದೆ ಯಾವುದೋ ಪಕ್ಷದಲ್ಲಿದ್ದೆ ಅನ್ನುವುದೊಂದೇ ಕಾರಣಕ್ಕೆ ಅನರ್ಹ ಅಂತ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಆದರೆ ಕೆಲಸಕ್ಕೆ ಸೇರಿದ ದಿನದಿಂದ ಪಕ್ಷ, ಪ್ರಚಾರ ಎಲ್ಲ ಬಂದ್. ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ 7 ವರ್ಷ ವಕೀಲಿಕೆ ಬೇಕು.

ಕೃಷ್ಣ ಅಯ್ಯರ್ ಹೋದದ್ದು ಇನ್ನೊಂದು ದಾರಿ, ವಕೀಲರಾಗಿದ್ದವರು ನೇರ ಹೈಕೋರ್ಟಿಗೆ. ಅದಕ್ಕೆ ಹೈಕೋರ್ಟಿನಲ್ಲಿ 10 ವರ್ಷ ವಕೀಲಿಕೆ ಸಾಕು, ಆದರೆ ಅರ್ಜಿ ಹಾಕಿ ಕೇಳುವ ಕೆಲಸ ಅಲ್ಲ, ಅವರೇ ಕರೆಯಬೇಕು. 2023ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ಗೌರಿ ಅವರು ಮದ್ರಾಸ್ ಹೈಕೋರ್ಟಿಗೆ ನೇಮಕ ಆದಾಗ ಪಕ್ಷದಲ್ಲಿದ್ದವರು ಅಂತ ತಕರಾರು ಬಂದಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನನಗೂ ರಾಜಕೀಯದ ಹಿನ್ನೆಲೆ ಇದೆ ಅಂತ ಆ ದಿನ ಪೀಠದಲ್ಲಿದ್ದ ನ್ಯಾಯಮೂರ್ತಿ ಗವಾಯಿ ಅವರೇ ಹೇಳಿದರು. ಆಮೇಲೆ ಅವರು ಮುಖ್ಯ ನ್ಯಾಯಮೂರ್ತಿಯೂ ಆದರು.

ಮೂಡಿಗೆರೆ ಮೆಣಸು
ಕೃಷ್ಣ ಅಯ್ಯರ್ ಹುಡುಕಿಕೊಂಡು ಕೇರಳದವರೆಗೆ ಯಾಕೆ ಹೋಗುತ್ತೀರಿ ಮಾರಾಯ್ರೇ, ಘಾಟಿ ಇಳಿದರೆ ಕಾರ್ಕಳ. ಕೌಡೂರು ಸದಾನಂದ ಹೆಗ್ಡೆ ಅಲ್ಲಿಯವರೇ ಅಲ್ವಾ? ವಕೀಲರಾಗಿದ್ದರು, ಕಾಂಗ್ರೆಸ್ಸಿನಿಂದ 1952ರಲ್ಲಿ ರಾಜ್ಯಸಭೆಗೆ ಹೋದರು, 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟ್ ಜಡ್ಜ್ ಆದರು. ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿ ಕೂಡ ಆದರು.

ಕರಿಕೋಟು
ಕೊನೆಯ ಸಾಲು ತಪ್ಪು. ಅವರು ಮುಖ್ಯ ನ್ಯಾಯಮೂರ್ತಿ ಆಗಲೇ ಇಲ್ಲ, ಕಥೆ ಇರುವುದೇ ಅಲ್ಲಿ. 1973ರ ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ತೀರ್ಪು ಬಂತು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವ ಹಾಗಿಲ್ಲ ಅಂತ. ಹೆಗ್ಡೆ ಬಹುಮತದ ಕಡೆ ಇದ್ದರು. ಅದರ ಬೆನ್ನಿಗೇ ಸರ್ಕಾರ ಸೀನಿಯಾರಿಟಿಯಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟು ಎದ್ದು ಬಂದರು.

ನೋಡಿ, ಕಾಂಗ್ರೆಸ್ಸಿನಿಂದ ಬಂದ ಮನುಷ್ಯ ಕಾಂಗ್ರೆಸ್ ಸರ್ಕಾರಕ್ಕೇ ಬೇಡವಾದ ತೀರ್ಪು ಕೊಟ್ಟರು.

ಮೂಡಿಗೆರೆ ಮೆಣಸು
ಸರಿ ಸರಿ, ತಿದ್ದಿಕೊಂಡೆ. ಆದರೆ ಮುಂದಿನ ಭಾಗ ನಮ್ಮ ಜಿಲ್ಲೆಯದು, ನನಗೆ ಬಿಡಿ.

1977ರಲ್ಲಿ ಹೆಗ್ಡೆ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದರು. 1978ರಲ್ಲಿ ನಮ್ಮ ಮೂಡಿಗೆರೆ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ಇಂದಿರಾ ಗಾಂಧಿಗೋಸ್ಕರ ಚಿಕ್ಕಮಗಳೂರು ಸೀಟು ಬಿಟ್ಟುಕೊಟ್ಟರು. ಅವರೂ ಕಾನೂನು ಓದಿದವರೇ, ಮುಂದೆ ರಾಜ್ಯದ ಕಾನೂನು ಮಂತ್ರಿ ಆದರು. ನವೆಂಬರ್‌ನಲ್ಲಿ ಇಂದಿರಮ್ಮ ವೀರೇಂದ್ರ ಪಾಟೀಲರ ಮೇಲೆ 77 ಸಾವಿರಕ್ಕೂ ಜಾಸ್ತಿ ಮತದಲ್ಲಿ ಗೆದ್ದರು. ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಹಕ್ಕುಚ್ಯುತಿ ಅಂತ ಉಚ್ಚಾಟನೆ ಮಾಡಿತು. ಆಗ ಸ್ಪೀಕರ್ ಕುರ್ಚಿಯಲ್ಲಿ ಇದ್ದದ್ದು ಯಾರು ಹೇಳಿ? ಅದೇ ಹೆಗ್ಡೆ! ಐದು ವರ್ಷದ ಹಿಂದೆ ಯಾರ ಸರ್ಕಾರ ಅವರನ್ನು ದಾಟಿ ಹೋಗಿತ್ತೋ ಅವರೇ ಎದುರಿಗೆ. ನಾವು ಓಟು ಹಾಕಿ ಕಳಿಸಿದ ಎಂ.ಪಿ. ಎರಡು ತಿಂಗಳೂ ಉಳಿಯಲಿಲ್ಲ.

ಗಿರಿ ಕೆಳಗಿನ ಮನೆ
ಆ ಚುನಾವಣೆ ಆದಾಗ ನಾನು ಹೈಸ್ಕೂಲು. "ಏಕ್ ಶೇರ್ನಿ ಸೌ ಲಂಗೂರ್, ಚಿಕ್ಮಗಳೂರ್ ಚಿಕ್ಮಗಳೂರ್" ಅಂತ ಕೂಗಿಕೊಂಡು ಜೀಪಿನ ಹಿಂದೆ ಓಡುತ್ತಿದ್ದೆವು. ಶೇರ್ನಿ ಅಂದರೆ ಹೆಣ್ಣು ಸಿಂಹ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ನಮ್ಮಜ್ಜಿ ಯಾವುದೋ ಶೇರು ಲೆಕ್ಕ ಅಂದುಕೊಂಡಿದ್ದರು, ಅಕ್ಕಿ ಕೊಡುತ್ತಾರೇನೋ ಅಂತ.

ಅರಸೀಕೆರೆ ಜಂಕ್ಷನ್
ಸೌ ಲಂಗೂರ್‌ಗೆ ಅಂದರೆ ನೂರು ಕೋತಿಗೆ ಅಜ್ಜಿ ಏನು ಅಂದರು?

ಗಿರಿ ಕೆಳಗಿನ ಮನೆ
ಅದು ನಾವೇ ಅಂದರು.

ಕಡೂರು ಕೊಬ್ಬರಿ
ಎಲ್ಲರೂ ಕೃಷ್ಣ ಅಯ್ಯರ್ ಅಂದ ತಕ್ಷಣ ಕೈ ಮುಗಿಯುತ್ತೀರಿ. 1975ರಲ್ಲಿ ಇಂದಿರಾ ಚುನಾವಣೆಯನ್ನು ಅಲಹಾಬಾದ್ ಹೈಕೋರ್ಟ್ ರದ್ದು ಮಾಡಿತ್ತು. ಅದಕ್ಕೆ ತಡೆ ಕೊಟ್ಟವರು ಇದೇ ಮಹಾನುಭಾವರು. ಜೂನ್ 24ಕ್ಕೆ ತಡೆ, 25ಕ್ಕೆ ಎಮರ್ಜೆನ್ಸಿ. ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿ ಆಗಿದ್ದವರು, ಇಂದಿರಾ ಕಾಲದಲ್ಲಿ ಸುಪ್ರೀಂ ಕೋರ್ಟಿಗೆ ಬಂದವರು. ಋಣ ತೀರಿಸಿದರು ಅಷ್ಟೆ.

ಕರಿಕೋಟು
ಕೊಬ್ಬರಿ ಸಾಹೇಬರೇ, ಅರ್ಧ ಹೇಳಿ ಅರ್ಧ ನುಂಗಬೇಡಿ. ಅವರು ಕೊಟ್ಟದ್ದು ಷರತ್ತಿನ ತಡೆ. ಪ್ರಧಾನಿಯಾಗಿ ಇರಬಹುದು, ಲೋಕಸಭೆಗೆ ಹೋಗಬಹುದು, ಆದರೆ ಸದಸ್ಯೆಯಾಗಿ ಮತ ಹಾಕುವ ಹಾಗಿಲ್ಲ, ಸಂಬಳ ತಗೊಳ್ಳುವ ಹಾಗಿಲ್ಲ. ಇಂದಿರಾ ಕೇಳಿದ್ದು ಪೂರ್ತಿ ತಡೆ, ಅದು ಸಿಗಲಿಲ್ಲ. ಅರ್ಜಿ ಬರುವ ಮುಂಚೆ ಕಾನೂನು ಮಂತ್ರಿ ಗೋಖಲೆ ಫೋನ್ ಮಾಡಿ ಮನೆಗೆ ಬರಲಾ ಅಂದಾಗ, ಬರುವುದು ಬೇಡ, ರಿಜಿಸ್ಟ್ರಿಯಲ್ಲಿ ಅರ್ಜಿ ಹಾಕಿ ಅಂದೆ ಅಂತ ಅಯ್ಯರ್ ಅವರೇ ಹೇಳಿಕೊಂಡಿದ್ದಾರೆ. ಋಣ ತೀರಿಸುವವರು ಬಾಗಿಲು ಹಾಕುತ್ತಾರಾ?

ಕಡೂರು ಕೊಬ್ಬರಿ
ಅವರೇ ಹೇಳಿಕೊಂಡರೆ ಆಯ್ತಾ? ನಮ್ಮೂರಿನಲ್ಲಿ ಪ್ರತಿಯೊಬ್ಬ ರಾಜಕಾರಣಿಯೂ ನಾನು ಲಂಚ ಮುಟ್ಟಿಲ್ಲ ಅಂತ ತಾನೇ ಹೇಳಿಕೊಳ್ಳುತ್ತಾನೆ.

ಕರಿಕೋಟು
ಫೋನ್ ಕಥೆ ಬಿಡಿ. ಆದೇಶ ಕಾಗದದ ಮೇಲಿದೆ, ಅದನ್ನು ಓದಿ.

ಕಡೂರು ಕೊಬ್ಬರಿ
ಅಯ್ಯರ್ ಇಂಗ್ಲಿಷ್ ಓದುವುದಕ್ಕೆ ಪಕ್ಕದಲ್ಲಿ ಡಿಕ್ಷನರಿ ಬೇಕು, ಅಷ್ಟು ಪುರುಸೊತ್ತು ನನಗಿಲ್ಲ.

ಬೇಲೂರು ಜೂನಿಯರ್
ಅದೊಂದು ಮಾತ್ರ ನಿಜ ಸರ್ 😄 ಒಂದು ಪುಟ ಓದುವುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು.

ನಿವೃತ್ತ ಶಿರಸ್ತೇದಾರ್
ಹುಡುಗರು ಚೆನ್ನಾಗಿ ಜಗಳ ಆಡುತ್ತಿದ್ದೀರಿ. ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಅಂತ ಇಲ್ಲ, ಕಣ್ಣಾರೆ ಕಂಡ ಎರಡು ಸಂಗತಿ ಇದೆ. ಯಾವ ಕೋರ್ಟು ಅಂತ ಹೇಳುವುದಿಲ್ಲ, ಕೇಳಬೇಡಿ.

ಜಮೀನಿನ ಗಲಾಟೆ ಕೇಸು. ಸಾಕ್ಷಿ ಒಬ್ಬ ವಯಸ್ಸಾದ ರೈತ. ಪಾಟಿ ಸವಾಲಿನಲ್ಲಿ ವಕೀಲರು "ಗಲಾಟೆ ಎಷ್ಟು ಗಂಟೆಗೆ?" ಅಂತ ಕೇಳಿದರು. ಆತ "ದನ ಕೊಟ್ಟಿಗೆಗೆ ಬರೋ ಹೊತ್ತು ಸ್ವಾಮಿ" ಅಂದ. "ಗಂಟೆ ಹೇಳಯ್ಯ" ಅಂತ ಇವರು. "ಗಡಿಯಾರ ಇಲ್ಲ ಸ್ವಾಮಿ, ದನ ಬರೋ ಹೊತ್ತು" ಅಂತ ಆತ. ನಾಲ್ಕು ಸಲ ಇದೇ ಆಯಿತು. ಆಗ ಇದ್ದ ಸಾಹೇಬರು ದೊಡ್ಡ ಪಟ್ಟಣದಲ್ಲಿ ಬೆಳೆದವರು, ಒಳ್ಳೆ ಮನುಷ್ಯ, ಒಂದು ರೂಪಾಯಿ ಮುಟ್ಟಿದವರಲ್ಲ. ಸಾಕ್ಷಿ ಸಮಯ ಹೇಳಲು ವಿಫಲನಾದ ಅಂತ ಬರೆಸಿದರು. ಕೊನೆಗೆ ಆ ಸಾಕ್ಷಿಯನ್ನು ನಂಬಲಾಗದು ಅಂತ ತೀರ್ಪಾಯಿತು.

ಕೆಲವು ವರ್ಷದ ಮೇಲೆ ಇನ್ನೊಬ್ಬ ಸಾಹೇಬರು ಬಂದರು. ವಕೀಲರಾಗಿದ್ದಾಗ ಊರಿನ ಪಂಚಾಯಿತಿ ರಾಜಕೀಯದಲ್ಲಿ ಓಡಾಡಿದವರು ಅಂತ ಮಾತಿತ್ತು. ಅಂಥದ್ದೇ ಇನ್ನೊಂದು ಸಾಕ್ಷಿ, "ಹೆಂಗಸರು ನೀರಿಗೆ ಹೋಗೋ ಹೊತ್ತು" ಅಂದ. ವಕೀಲರು ಗಂಟೆ ಅಂತ ಬಾಯಿ ತೆಗೆಯುವಷ್ಟರಲ್ಲಿ ಸಾಹೇಬರು "ಬೆಳಗಿನ ನೀರೋ ಸಂಜೆ ನೀರೋ?" ಅಂದರು. ಸಂಜೆ ಅಂದ. ಟೈಪಿಸ್ಟ್ ಕಡೆ ತಿರುಗಿ "ಸಂಜೆ ಸುಮಾರು ಐದೂವರೆ, ಸಾಕ್ಷಿಯ ಮಾತಿನಲ್ಲೇ ಬರೆದುಕೊಳ್ಳಿ" ಅಂದರು. ಮುಂದಿನ ಪ್ರಶ್ನೆ.

ಹೇಮಾವತಿ ಜಲಾಶಯಕ್ಕೆ ಹೋದ ಜಮೀನಿನ ಪರಿಹಾರದ ಕೇಸುಗಳಲ್ಲೂ ಇದೇ ಕಂಡೆ. ಗದ್ದೆ ಯಾವುದು ಹೊಲ ಯಾವುದು ಅಂತ ಗೊತ್ತಿರುವವರ ಮುಂದೆ ರೈತ ಧೈರ್ಯವಾಗಿ ಮಾತಾಡುತ್ತಿದ್ದ.

ಸಕಲೇಶಪುರ ಏಲಕ್ಕಿ
ಯಜಮಾನರೇ, ಓದುವುದಕ್ಕೆ ಸೊಗಸಾಗಿದೆ. ಆದರೆ ನೀರಿನ ಹೊತ್ತು ತಿಳಿಯೋಕೆ ಪಕ್ಷದ ಶಾಲು ಹೊದ್ದುಕೊಂಡು ಬರಬೇಕಾ? ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳನ್ನು ಜಡ್ಜ್ ಮಾಡಿ, ನೀರಿನ ಹೊತ್ತು ಅವಳಿಗೆ ಇನ್ನೂ ಚೆನ್ನಾಗಿ ಗೊತ್ತು.

ನಾನು ಹನ್ನೊಂದು ವರ್ಷದಿಂದ ಕೋರ್ಟಿನಲ್ಲಿದ್ದೇನೆ. ನನ್ನ ಕಕ್ಷಿದಾರರು ಬಂದ ತಕ್ಷಣ ಕೇಳುವುದು ಕಾನೂನು ಅಲ್ಲ. "ಸಾಹೇಬರು ಯಾರ ಕಡೆ ಮೇಡಂ?" ಅಂತ. ಯಾರ ಕಡೆಯೂ ಅಲ್ಲ ಅಂತ ಧೈರ್ಯವಾಗಿ ಹೇಳುವ ಹಾಗೆ ಇರಬೇಕು. ನಿನ್ನೆ ವೇದಿಕೆ ಮೇಲೆ ಹಾರ ಹಾಕಿಸಿಕೊಂಡವರು ಇವತ್ತು ಪೀಠದಲ್ಲಿ ಕೂತರೆ ಏನು ಹೇಳಲಿ?

ಕೃಷ್ಣ ಅಯ್ಯರ್, ಹೆಗ್ಡೆ ಹೆಸರೇ ಎಲ್ಲರ ಬಾಯಲ್ಲಿ. ಬಹರುಲ್ ಇಸ್ಲಾಂ ಹೆಸರು ಯಾಕೆ ಯಾರೂ ಎತ್ತುವುದಿಲ್ಲ? ಅಸ್ಸಾಂ ವಕೀಲರು, ರಾಜ್ಯಸಭೆ ಸದಸ್ಯರಾಗಿದ್ದರು, 1972ರಲ್ಲಿ ಬಿಟ್ಟು ಗುವಾಹಟಿ ಹೈಕೋರ್ಟ್ ಜಡ್ಜ್ ಆದರು. 1980ರಲ್ಲಿ ಅಲ್ಲಿ ನಿವೃತ್ತಿ ಆದಮೇಲೆ ಅದೇ ವರ್ಷ ಸುಪ್ರೀಂ ಕೋರ್ಟಿಗೆ ಕರೆಸಿಕೊಂಡರು. 1983ರಲ್ಲಿ ಅವಧಿ ಇನ್ನೂ ಆರು ವಾರ ಇರುವಾಗ ರಾಜೀನಾಮೆ ಕೊಟ್ಟು ಮತ್ತೆ ಕಾಂಗ್ರೆಸ್ಸಿಗೇ ಹೋದರು, ಮತ್ತೆ ರಾಜ್ಯಸಭೆ. ಈಚೆಗೆ ಕಲ್ಕತ್ತಾ ಹೈಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯ 2024ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು, ಜೂನ್ ಹೊತ್ತಿಗೆ ಬಿಜೆಪಿ ಎಂ.ಪಿ. ಯಾವ ಪಕ್ಷ ಅನ್ನುವುದು ಮುಖ್ಯ ಅಲ್ಲ. ಅವರು ಮೊದಲು ಕೊಟ್ಟ ತೀರ್ಪನ್ನೆಲ್ಲ ಜನ ತಿರುಗಿ ಅನುಮಾನದಿಂದ ನೋಡುತ್ತಾರಲ್ಲ, ನನಗೆ ಸಂಕಟ ಅದು.

ನಿವೃತ್ತ ಶಿರಸ್ತೇದಾರ್
ತಾಯಿ, ನೀವು ಹೇಳಿದ ಹೆಣ್ಣುಮಗಳ ಮಾತು ಒಪ್ಪಿದೆ. ಹೊಳೆದೇ ಇರಲಿಲ್ಲ.

ಕರಿಕೋಟು
ಏಲಕ್ಕಿ ಮೇಡಂ ಮಾತಿನಲ್ಲಿ ತೂಕ ಇದೆ. ಆದರೂ ಒಂದು ವ್ಯತ್ಯಾಸ ನೋಡಿ. ಅಯ್ಯರ್ ಮಂತ್ರಿಗಿರಿ ಮುಗಿದದ್ದು 1959ರ ಜುಲೈ 31ಕ್ಕೆ, ಕೇಂದ್ರ ಆ ಸರ್ಕಾರವನ್ನೇ ವಜಾ ಮಾಡಿತು. ಆಮೇಲೆ ಮತ್ತೆ ಕರಿಕೋಟು ಹಾಕಿ ವಕೀಲಿಕೆ. 1960ರಲ್ಲಿ ತಲಶ್ಶೇರಿಯಲ್ಲಿ 7 ಮತದಲ್ಲಿ ಸೋತರು. 1965ರಲ್ಲಿ ಮತ್ತೆ ಸೋಲು. ಹೈಕೋರ್ಟಿಗೆ ಹೋದದ್ದು 1968ರಲ್ಲಿ. ಮಂತ್ರಿ ಕುರ್ಚಿಗೂ ಜಡ್ಜ್ ಕುರ್ಚಿಗೂ ಮಧ್ಯೆ ಒಂಬತ್ತು ವರ್ಷ, ಎರಡು ಸೋಲು.

ಮೂಡಿಗೆರೆ ಮೆಣಸು
ಈಗ ತಿದ್ದುವ ಸರದಿ ನಂದು! 1960ರಲ್ಲಿ 7 ಮತದಲ್ಲಿ ಸೋತದ್ದು ನಿಜ, ಆದರೆ ಸುಮ್ಮನೆ ಕೂರಲಿಲ್ಲ. ಚುನಾವಣಾ ತಕರಾರು ಅರ್ಜಿ ಹಾಕಿ ಸೀಟು ಗೆದ್ದುಕೊಂಡರು. ವಕೀಲ ಅಂದರೆ ಹಾಗೆ.

ಕರಿಕೋಟು
ಒಪ್ಪಿದೆ. ಒಂದೂವರೆ ಸೋಲು ಅಂತ ಬರೆದುಕೊಳ್ಳಿ.

ಕೊಟ್ಟಿಗೆಹಾರ ನೀರ್‌ದೋಸೆ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಇಷ್ಟು ಜನ ವಕೀಲರು ಇದ್ದೀರಿ. ನಮ್ಮಪ್ಪ ಬಗರ್ ಹುಕುಂಗೆ, ಅಂದರೆ ಸಾಗುವಳಿ ಮಾಡಿಕೊಂಡಿರುವ ಸರ್ಕಾರಿ ಜಮೀನಿನ ಸಕ್ರಮಕ್ಕೆ, ಫಾರಂ 57 ಹಾಕಿದ್ದಾರೆ, ಇನ್ನೂ ಏನೂ ಆಗಿಲ್ಲ. ಯಾರನ್ನು ಕೇಳಬೇಕು?

ಅರಸೀಕೆರೆ ಜಂಕ್ಷನ್
ಬಂದರಪ್ಪ.

ನಿವೃತ್ತ ಶಿರಸ್ತೇದಾರ್
ನಗಬೇಡಿ, ಈ ಪ್ರಶ್ನೆ ಇಲ್ಲಿಗೇ ಸೇರಬೇಕಾದದ್ದು. ಬಗರ್ ಹುಕುಂ ಸಮಿತಿಗೆ ಅಧ್ಯಕ್ಷರು ಯಾರು? ಕ್ಷೇತ್ರದ ಶಾಸಕರು. ಯಾರಿಗೆ ಜಮೀನು, ಯಾರಿಗೆ ಇಲ್ಲ ಅಂತ ತೀರ್ಮಾನ ಮಾಡುವ ಕುರ್ಚಿಯಲ್ಲಿ ರಾಜಕಾರಣಿಯೇ ಕೂತಿದ್ದಾರೆ. ದೇವರಾಜ ಅರಸು ಕಾಲದಲ್ಲಿ ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದಮೇಲೆ ಭೂ ನ್ಯಾಯಮಂಡಳಿ ಮಾಡಿದರು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಊರಿನವರು. ವಕೀಲರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಫಾರಂ 7 ಹಿಡಿದು ಗೇಣಿದಾರ ನೇರವಾಗಿ ಹೋಗಿ ನಿಲ್ಲುತ್ತಿದ್ದ. ಎಷ್ಟೋ ಕುಟುಂಬ ಅದರಿಂದ ಜಮೀನು ಕಂಡಿತು. ಎಷ್ಟೋ ಕಡೆ ಸದಸ್ಯರ ನೆಂಟರೂ ಕಂಡರು ಅನ್ನಿ.

ಸಕಲೇಶಪುರ ಏಲಕ್ಕಿ
ಕೊನೆ ಸಾಲು ನೀವೇ ಹೇಳಿದಿರಿ, ನಾನು ಹೇಳುವ ಕೆಲಸ ಉಳಿಯಿತು.

ಬೇಲೂರು ಜೂನಿಯರ್
ಎಲ್ಲ ಓದುತ್ತಿದ್ದೇನೆ. ಕರಿಕೋಟು ಸರ್, ಅಯ್ಯರ್ ತೀರ್ಪಿನಲ್ಲಿ ನಮ್ಮಂಥ ಜೂನಿಯರ್ ದಿನಾ ಉಪಯೋಗಿಸುವಂಥದ್ದು ಯಾವುದು? ಸೀನಿಯರ್ ಕೇಳಿದರೆ ಎಲ್ಲಾನೂ ಅನ್ನುತ್ತಾರೆ.

ಕರಿಕೋಟು
ಜಾಮೀನು ಕೇಸು ಮಾಡುತ್ತೇನೆ ಅಂದೆಯಲ್ಲ, 1978ರ ಮೋತಿರಾಂ ಕೇಸು ಓದು. ಮಧ್ಯಪ್ರದೇಶದ ಗಾರೆ ಕೆಲಸದವನು. ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ಕೆಳಗೆ ಮ್ಯಾಜಿಸ್ಟ್ರೇಟ್ 10,000 ರೂಪಾಯಿಗೆ ಜಾಮೀನುದಾರ ಬೇಕು ಅಂದರು. ಅಣ್ಣನೋ ತಮ್ಮನೋ ಬಂದು ನಿಂತರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ನಡೆಯಲ್ಲ ಅಂದರು. ಅಯ್ಯರ್ ಸರಿಯಾಗಿ ಬಿಸಿ ಮುಟ್ಟಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಬಿಡಿ ಅಂದರು.

ಜೈಲಿನ ಬಗ್ಗೆ ಇನ್ನೂ ಇದೆ. ತಿಹಾರ್‌ನಿಂದ ಸುನಿಲ್ ಬಾತ್ರಾ ಅನ್ನುವ ಕೈದಿ, ಇನ್ನೊಬ್ಬ ಕೈದಿಗೆ ಹಿಂಸೆ ಕೊಟ್ಟರು ಅಂತ ಕಾಗದ ಬರೆದ. ಆ ಕಾಗದವನ್ನೇ ಅರ್ಜಿ ಅಂತ ತಗೊಂಡರು. 1980ರಲ್ಲಿ, ಸುಮ್ನೆ ಎಲ್ಲರಿಗೂ ಕೈಕೋಳ ಹಾಕುವ ಹಾಗಿಲ್ಲ ಅಂದರು. ಯಾಕೆ ಅಂತ ಯೋಚನೆ ಮಾಡು. 1948ರಲ್ಲಿ ಕಮ್ಯುನಿಸ್ಟರಿಗೆ ಕಾನೂನು ಸಹಾಯ ಮಾಡಿದರು ಅಂತ ಅವರನ್ನೇ ಸುಮಾರು ಒಂದು ತಿಂಗಳು ಜೈಲಿಗೆ ಹಾಕಿದ್ದರು. ಆಮೇಲೆ ಅವರೇ ಜೈಲು ಖಾತೆಯ ಮಂತ್ರಿ. ಆಮೇಲೆ ಜಡ್ಜ್. ಜೈಲನ್ನು ಒಳಗಿನಿಂದ, ಮೇಲಿನಿಂದ, ಹೊರಗಿನಿಂದ ಮೂರೂ ಕಡೆಯಿಂದ ನೋಡಿದ ಇನ್ನೊಬ್ಬ ಜಡ್ಜ್ ಹೆಸರು ಹೇಳಿ ನೋಡೋಣ.

ಸಕಲೇಶಪುರ ಏಲಕ್ಕಿ
ಮೋತಿರಾಂ ಅಂದಿರಲ್ಲ, ಅಲ್ಲಿ ನಾನೂ ತಲೆಬಾಗುತ್ತೇನೆ. ಹೋದ ವರ್ಷ ನಮ್ಮ ಕಡೆ ಕಾಫಿ ತೋಟಕ್ಕೆ ಬಂದಿದ್ದ ಅಸ್ಸಾಂ ಹುಡುಗನ ಕೇಸು. ಸಣ್ಣ ಹೊಡೆದಾಟ. ಜಾಮೀನು ಸಿಕ್ಕಿತು, ಆದರೆ ಸ್ಥಳೀಯ ಜಾಮೀನುದಾರ ಪಹಣಿ ತರಬೇಕು ಅಂದರು. ಅವನಿಗೆ ಯಾರು ಪಹಣಿ ಕೊಡುತ್ತಾರೆ? ತೋಟದವರು ಕೈ ತೊಳೆದುಕೊಂಡಿದ್ದರು. ಜಾಮೀನು ಆದೇಶ ಕೈಯಲ್ಲಿ, ಹುಡುಗ ಒಳಗೆ, 19 ದಿನ. ನಾನು ಮೋತಿರಾಂ ತೀರ್ಪಿನ ನಕಲು ಹಿಡಿದು ಮತ್ತೆ ಅರ್ಜಿ ಹಾಕಿದ ಮೇಲೆ ಸ್ವಂತ ಮುಚ್ಚಳಿಕೆಗೆ ಒಪ್ಪಿದರು. ಅವನು ಹೊರಗೆ ಬಂದು ನನಗೆ ಕೊಟ್ಟ ಫೀಸು ಅಂದರೆ ಒಂದು ಪೊಟ್ಟಣ ಅಡಿಕೆ.

ತೀರ್ಪು ದೊಡ್ಡದು. ಆದರೂ ಅಂಥವರು ನೂರಕ್ಕೆ ಒಬ್ಬರು. ಆ ಒಬ್ಬರ ಆಸೆಗೆ ಬಾಗಿಲು ಪೂರ್ತಿ ತೆಗೆದರೆ ಉಳಿದ ತೊಂಬತ್ತೊಂಬತ್ತು ಜನ ನುಗ್ಗುತ್ತಾರೆ.

ಕಡೂರು ಕೊಬ್ಬರಿ
ಮೋತಿರಾಂ ವಿಷಯ ನನಗೆ ಗೊತ್ತಿರಲಿಲ್ಲ. ಸ್ಟೇ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ. ಆದರೆ ಇದು ಒಳ್ಳೆ ಕೆಲಸ, ಒಪ್ಪುತ್ತೇನೆ.

ಗಿರಿ ಕೆಳಗಿನ ಮನೆ
ಕೊಬ್ಬರಿ ಒಪ್ಪಿದರು! ಎಲ್ಲರೂ ಇದನ್ನು ಸೇವ್ ಮಾಡಿಟ್ಟುಕೊಳ್ಳಿ.

ಸಕಲೇಶಪುರ ಏಲಕ್ಕಿ
ಕೊಡಗಿನ ಸಿ.ಬಿ. ಮುತ್ತಮ್ಮ ಅವರನ್ನು ಮರೆತಿರಿ. ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿ ಹೆಣ್ಣುಮಗಳು ಮದುವೆ ಆಗಬೇಕಾದರೆ ಸರ್ಕಾರದ ಒಪ್ಪಿಗೆ ಬೇಕಿತ್ತು, ಗಂಡಸರಿಗೆ ಆ ನಿಯಮ ಇಲ್ಲ! ಬಡ್ತಿ ಕೊಡಲಿಲ್ಲ ಅಂತ ಅವರು ಕೋರ್ಟಿಗೆ ಹೋದರು, 1979ರಲ್ಲಿ ತೀರ್ಪು ಬಂತು. ಅಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಿತ್ತು, ಹಾಗಾಗಿ ಅರ್ಜಿ ವಜಾ ಆಯಿತು. ಆದರೆ ಇದೇ ಅಯ್ಯರ್ ಆ ನಿಯಮಗಳ ಚರ್ಮ ಸುಲಿದರು.

ಮೂಡಿಗೆರೆ ಮೆಣಸು
ನೂರಕ್ಕೆ ಒಬ್ಬರು ಅಂತೀರಿ, ಉದಾಹರಣೆ ನೀವೇ ತಂದು ಕೊಡುತ್ತಿದ್ದೀರಿ ಮೇಡಂ.

ಸಕಲೇಶಪುರ ಏಲಕ್ಕಿ
ಅದೇ ಒಬ್ಬರ ಉದಾಹರಣೆ ಅಲ್ವಾ ಸ್ವಾಮಿ, ಎಣಿಸಿಕೊಳ್ಳಿ.

ಅರಸೀಕೆರೆ ಜಂಕ್ಷನ್
ಈಗ ಜೂನಿಯರ್ ನಿಲ್ಲಬೇಕಾ ಬೇಡ್ವಾ? ಅದು ಹೇಳಿ.

ಕರಿಕೋಟು
ನನ್ನ ಪ್ರಕಾರ ಮೊದಲು ಪರೀಕ್ಷೆ. ಅದಕ್ಕೆ ವಯಸ್ಸಿನ ಮಿತಿ ಇದೆ, ಚುನಾವಣೆಗೆ ಇಲ್ಲ. ಗೆದ್ದು ಶಾಸಕ ಆದರೂ ವಕೀಲಿಕೆ ಬಿಡಬೇಕಿಲ್ಲ, 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಸಿವಿಲ್ ಜಡ್ಜ್ ಆದಮೇಲೆ ರಾಜಕೀಯ ಬೇಕು ಅನ್ನಿಸಿದರೆ ಕೆಲಸ ಬಿಡಬೇಕು.

ಸಕಲೇಶಪುರ ಏಲಕ್ಕಿ
ನಿಲ್ಲಬೇಡ ತಮ್ಮಾ. ನಿಲ್ಲಲೇಬೇಕು ಅನ್ನಿಸಿದರೆ ಪೂರ್ತಿ ನಿಲ್ಲು, ಜಡ್ಜ್ ಕನಸು ಬಿಟ್ಟು. ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ಟುಕೊಂಡವರು ಎರಡು ಕಡೆಯೂ ಉಪಯೋಗಕ್ಕೆ ಬರುವುದಿಲ್ಲ.

ನಿವೃತ್ತ ಶಿರಸ್ತೇದಾರ್
ನಾನಾದರೆ ನಿಲ್ಲು ಅನ್ನುತ್ತೇನೆ. ಮನೆಮನೆಗೆ ಹೋಗಿ ಓಟು ಕೇಳಿ ಸೋತು ಬಾ. ಅರವತ್ತು ಅಡುಗೆಮನೆ ನೋಡಿರುತ್ತೀಯ. ಆಮೇಲೆ ಪರೀಕ್ಷೆ ಬರಿ.

ಬೇಲೂರು ಜೂನಿಯರ್
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸೀನಿಯರ್ ಹತ್ತಿರ ಈ ಚರ್ಚೆ ಎಲ್ಲ ಹೇಳಿದೆ. ಬಹರುಲ್ ಇಸ್ಲಾಂ ಹೆಸರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆ ವಕೀಲಮ್ಮ ಯಾರು, ಒಂದು ಸಲ ಆಫೀಸಿಗೆ ಬರೋಕೆ ಹೇಳು" ಅಂದರು. ಮೇಡಂ, ನಿಮಗೆ ಕರೆ ಬಂದಿದೆ.

ಪಕ್ಷದವರಿಗೆ ಪರೀಕ್ಷೆ ಮುಗಿಯಲಿ ಅಂತ ಹೇಳಿದ್ದೇನೆ. ಅವರು ಆಗಲೇ ನನ್ನ ಚಿಕ್ಕಪ್ಪನ ಮಗನನ್ನು ಕೇಳಿ ಆಗಿದೆಯಂತೆ. ಅಮ್ಮನಿಗೆ ಈಗ ಅದೇ ಹೊಸ ಚಿಂತೆ. ನಾಳೆ ಒಂದು ಜಾಮೀನು ಅರ್ಜಿ ಇದೆ, ಜಾಮೀನುದಾರರ ಪಹಣಿ ಚಿಕ್ಕಮಗಳೂರು ಜಿಲ್ಲೆಯದು. ಮೋತಿರಾಂ ಪ್ರಿಂಟ್ ತಗೊಂಡಿದ್ದೇನೆ.

ಕೊಟ್ಟಿಗೆಹಾರ ನೀರ್‌ದೋಸೆ
ನನ್ನ ಫಾರಂ 57 ಬಗ್ಗೆ ಕೊನೆಗೂ ಯಾರೂ ಹೇಳಲಿಲ್ಲ.

ನಿವೃತ್ತ ಶಿರಸ್ತೇದಾರ್
ಅರ್ಜಿ ಹಾಕಿದ ರಸೀದಿ ಇದೆಯಾ? ಅದನ್ನು ತಗೊಂಡು ತಾಲ್ಲೂಕು ಕಚೇರಿಗೆ ಹೋಗಿ, ಬಾಯಿಮಾತಿನಲ್ಲಿ ಕೇಳಬೇಡಿ. ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ. ಸೋಮವಾರ ಬೇಡ, ಅವತ್ತು ಜನ ಜಾಸ್ತಿ.